ಆತಂಕದ ಕಾಯಿಲೆ: ಗುರುತಿಸುವ ಬಗೆ, ನೆರವು ಪಡೆಯುವ ದಾರಿ

ಪರೀಕ್ಷೆಯ ಹಿಂದಿನ ರಾತ್ರಿ ನಿದ್ರೆ ಬಾರದಿರುವುದು, ಹೊರಗೆ ಹೋದವರು ಹೊತ್ತಿಗೆ ಸರಿಯಾಗಿ ಮರಳದಿದ್ದಾಗ ಮನಸ್ಸು ಕೇಡನ್ನೇ ಶಂಕಿಸುವುದು ಕಾಯಿಲೆಯಲ್ಲ. ಕಾರಣ ತೀರಿದೊಡನೆ ಅವೂ ತೀರುತ್ತವೆ. ಕಾರಣ ಕಳೆದ ಮೇಲೂ ಉಳಿಯುವ, ಇಲ್ಲವೇ ಕಾರಣಕ್ಕೆ ಮೀರಿ ಬೆಳೆಯುವ ಭಯ ದಿನನಿತ್ಯದ ಬದುಕಿಗೆ ಅಡ್ಡ ಬಂದಾಗ ವೈದ್ಯರು ಅದನ್ನು ಆತಂಕದ ಕಾಯಿಲೆ ಎಂದು ಪರಿಗಣಿಸುತ್ತಾರೆ. ಇದನ್ನು ಅರಿಯಲು, ಭಯ ಎಷ್ಟು ತೀವ್ರವಾಗಿದೆ ಎಂದು ಕೇಳಿಕೊಳ್ಳುವುದಕ್ಕಿಂತ ಅದರ ದೆಸೆಯಿಂದ ಏನೇನನ್ನು ಬಿಟ್ಟಿದ್ದೇವೆ ಎಂದು ಕೇಳಿಕೊಳ್ಳುವುದು ಮೇಲು. ಲಿಫ್ಟ್ ಹತ್ತುವುದು, ಸಭೆಯಲ್ಲಿ ಮಾತನಾಡುವುದು, ಒಬ್ಬರೇ ಪ್ರಯಾಣ ಮಾಡುವುದು ಒಂದೊಂದಾಗಿ ಕೈಬಿಟ್ಟು ಹೋಗಿದ್ದರೆ, "ನನಗೇನೂ ಅಷ್ಟು ಭಯವಾಗುವುದಿಲ್ಲ" ಎಂಬ ಮಾತನ್ನು ನೆಚ್ಚುವಂತಿಲ್ಲ. ಭಯವಾಗುವ ಕಡೆಗೆ ಹೋಗುವುದನ್ನೇ ನಿಲ್ಲಿಸಿದವರಿಗೆ ಭಯವಾಗುವುದಾದರೂ ಹೇಗೆ?

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನ 30 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆಯಿತ್ತು; ಚಿಕಿತ್ಸೆ ಪಡೆಯುವವರು ಸುಮಾರು ನಾಲ್ವರಲ್ಲಿ ಒಬ್ಬರು ಮಾತ್ರ. ಇದರಲ್ಲಿ ಹಲವು ಬಗೆಗಳಿವೆ. ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ, ಹೆಚ್ಚಿನ ದಿನಗಳಲ್ಲಿ, ಹಣ, ಆರೋಗ್ಯ, ಕೆಲಸ, ಮಕ್ಕಳು ಎಂದು ಚಿಂತೆ ಒಂದರಿಂದ ಇನ್ನೊಂದಕ್ಕೆ ಹರಿಯುತ್ತಾ, ಜೊತೆಗೆ ಚಡಪಡಿಕೆ, ದಣಿವು, ಸಿಡುಕು, ಸ್ನಾಯುಗಳ ಬಿಗಿತ, ನಿದ್ರಾಭಂಗ ಇದ್ದರೆ ಅದು ಸಾರ್ವತ್ರಿಕ ಆತಂಕದ ಕಾಯಿಲೆಯಾಗಿರಬಹುದು. ನಾಲ್ಕು ಜನರ ನಡುವೆ ಅವಮಾನವಾದೀತೆಂಬ ಭಯ ಸಾಮಾಜಿಕ ಆತಂಕ. ಎತ್ತರ, ರಕ್ತ, ಪ್ರಾಣಿ ಮುಂತಾದ ಒಂದೇ ವಸ್ತು ಅಥವಾ ಸನ್ನಿವೇಶದ ಭಯ ಫೋಬಿಯಾ.

ಪ್ಯಾನಿಕ್ ಅಟ್ಯಾಕ್ ಎಂಬುದು ಮಾತ್ರ ಬೇರೆಯದೇ ಅನುಭವ. ಎದೆ ಡವಡವ ಹೊಡೆದುಕೊಂಡು, ಉಸಿರು ಸಿಕ್ಕಿಕೊಂಡಂತಾಗಿ, ಕೈಕಾಲು ನಡುಗಿ, "ಈಗಲೇ ಸತ್ತುಹೋಗುತ್ತೇನೆ" ಎಂಬ ಭೀತಿ ಕೆಲವೇ ನಿಮಿಷಗಳಲ್ಲಿ ತುತ್ತತುದಿಗೆ ಏರಿ, ಅನಂತರ ತಾನಾಗಿಯೇ ಇಳಿಯುತ್ತದೆ. ಇದರಿಂದ ಜೀವಕ್ಕೆ ಅಪಾಯವಿಲ್ಲವಾದರೂ, ಮೊದಲ ಬಾರಿ ಎದೆನೋವು ಕಾಣಿಸಿಕೊಂಡಾಗ ಅದು ಹೃದಯದ ತೊಂದರೆಯಲ್ಲವೆಂದು ನಾವೇ ತೀರ್ಮಾನಿಸದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಥೈರಾಯ್ಡ್ ಹೆಚ್ಚಾಗಿ ಕೆಲಸ ಮಾಡಿದಾಗ, ಕಾಫಿ ಅತಿಯಾದಾಗ, ಮದ್ಯವನ್ನು ಥಟ್ಟನೆ ನಿಲ್ಲಿಸಿದಾಗ, ಕೆಲವು ಆಸ್ತಮಾ ಔಷಧಗಳಿಂದಲೂ ಇಂಥವೇ ಲಕ್ಷಣಗಳು ತೋರಬಹುದು. ಆದುದರಿಂದ ಮೊದಲು ಸಾಮಾನ್ಯ ವೈದ್ಯರನ್ನೇ ಕಾಣುವುದು ಸರಿಯಾದ ಕ್ರಮ. ಅಗತ್ಯವಿದ್ದರೆ ಅವರೇ ಮನೋವೈದ್ಯರ ಬಳಿಗೆ ಕಳುಹಿಸುತ್ತಾರೆ.

ವೈದ್ಯರೆದುರು ಕುಳಿತಾಗ ಅನೇಕರು ತಲೆನೋವು, ಹೊಟ್ಟೆಯ ತೊಂದರೆ, ನಿದ್ರೆ ಇಷ್ಟನ್ನೇ ಹೇಳಿ ಎದ್ದು ಬರುತ್ತಾರೆ. ಇದನ್ನು ತಪ್ಪಿಸಲು ಒಂದೆರಡು ವಾರ ಚಿಕ್ಕ ಟಿಪ್ಪಣಿ ಬರೆದಿಡಿ: ಆತಂಕ ಯಾವಾಗ ಬಂತು, ಆಗ ಏನು ಯೋಚನೆಯಿತ್ತು, ದೇಹದಲ್ಲಿ ಏನಾಯಿತು, ಅದರಿಂದ ಯಾವ ಕೆಲಸ ತಪ್ಪಿತು. ಈ ಕೊನೆಯ ಅಂಶವನ್ನು ಮರೆಯಬೇಡಿ. ಸೇವಿಸುತ್ತಿರುವ ಮಾತ್ರೆಗಳನ್ನೂ ಕುಡಿತವನ್ನೂ ಮುಚ್ಚಿಡದೆ ತಿಳಿಸಬೇಕು. ವೈದ್ಯರು ಆತಂಕದ ಮಟ್ಟವನ್ನು ಅಳೆಯುವ ಜಿಎಡಿ-7 ಎಂಬ ಪ್ರಶ್ನಾವಳಿಯನ್ನು ಕೊಡಬಹುದು. ಕಳೆದ ಎರಡು ವಾರಗಳ ಬಗೆಗಿನ ಏಳು ಪ್ರಶ್ನೆಗಳಿಗೆ ಒಟ್ಟು 21 ಅಂಕಗಳಿದ್ದು, 10 ಅಥವಾ ಹೆಚ್ಚು ಬಂದರೆ ವಿವರವಾದ ತಪಾಸಣೆ ಬೇಕೆಂದರ್ಥ. ಅಂಕವೊಂದರಿಂದಲೇ ಕಾಯಿಲೆ ನಿರ್ಧಾರವಾಗುವುದಿಲ್ಲ.

ಚಿಕಿತ್ಸೆಯಲ್ಲಿ ಮುಖ್ಯವಾದುದು ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಯೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ಬದಲಿಸಲು ಕಲಿಸುವ ಮನೋಚಿಕಿತ್ಸೆ. ಹೆದರಿದ ಕೆಲಸದಿಂದ ಹಿಂದೆ ಸರಿದಾಗ ಮನಸ್ಸಿಗೆ ತಕ್ಷಣ ಹಾಯೆನಿಸುತ್ತದೆ. ಆ ಹಾಯೇ "ಸರಿದದ್ದರಿಂದ ಉಳಿದೆ" ಎಂಬ ಪಾಠ ಕಲಿಸಿ ಮುಂದಿನ ಸಲದ ಭಯವನ್ನು ಹೆಚ್ಚಿಸುತ್ತದೆ. ಈ ಸುತ್ತನ್ನು ಮುರಿಯಲು ಚಿಕಿತ್ಸಕರು ರೋಗಿಯೊಡನೆ ಕುಳಿತು ಭಯದ ಸನ್ನಿವೇಶಗಳನ್ನು ಹಗುರದಿಂದ ಕಠಿಣಕ್ಕೆ ಪಟ್ಟಿ ಮಾಡಿ, ಮೊದಲನೆಯದರಲ್ಲಿ ಆತಂಕವಿದ್ದರೂ ನಿಲ್ಲಬಹುದೆಂಬ ಅನುಭವ ಬರುವವರೆಗೆ ಮತ್ತೆ ಮತ್ತೆ ಅಭ್ಯಾಸ ಮಾಡಿಸಿ, ಆಮೇಲೆ ಮುಂದಿನದಕ್ಕೆ ಕರೆದೊಯ್ಯುತ್ತಾರೆ. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಕೆಲವು ತಿಂಗಳು ಇದು ನಡೆಯುತ್ತದೆ. ನಡುನಡುವೆ ಮನೆಯಲ್ಲಿ ಮಾಡುವ ಅಭ್ಯಾಸವೇ ಅರ್ಧ ಚಿಕಿತ್ಸೆ. ಬರೀ ಮಾತನಾಡಿ ಬರುವುದರಿಂದ ಹೆಚ್ಚು ಪ್ರಯೋಜನವಿಲ್ಲ.

ಔಷಧ ಬೇಕಾದಾಗ ವೈದ್ಯರು ಹೆಚ್ಚಾಗಿ ಎಸ್‌ಎಸ್‌ಆರ್‌ಐ ಗುಂಪಿನ, ಖಿನ್ನತೆಗೂ ಕೊಡುವ ಮಾತ್ರೆಗಳನ್ನು ಬರೆಯುತ್ತಾರೆ. ಅವುಗಳ ಗುಣ ಕಾಣಲು ಕೆಲವು ವಾರಗಳು ಬೇಕು. ಆರಂಭದ ದಿನಗಳಲ್ಲಿ ಆತಂಕ ತುಸು ಏರಲೂಬಹುದು. ಇದನ್ನು ತಿಳಿಯದೆ ಹಲವರು ಮೊದಲ ವಾರದಲ್ಲೇ ಮಾತ್ರೆ ಬಿಟ್ಟುಬಿಡುತ್ತಾರೆ. ಗುಣವಾದ ಮೇಲೂ ವೈದ್ಯರ ಸಲಹೆಯಂತೆ ನಿಧಾನವಾಗಿ ಕಡಿಮೆ ಮಾಡಬೇಕೇ ಹೊರತು ಒಮ್ಮೆಲೇ ನಿಲ್ಲಿಸಬಾರದು. ಬೆಂಜೊಡಯಜಪೀನ್ ಎಂಬ, ಮಂಪರು ತರಿಸುವ ಶಾಮಕ ಗುಂಪಿನ ಮಾತ್ರೆಗಳು ಬೇಗ ಶಮನ ಕೊಡುತ್ತವೆ, ಆದರೆ ದೀರ್ಘಕಾಲ ತೆಗೆದುಕೊಂಡರೆ ಅವಲಂಬನೆ ಬೆಳೆಯುತ್ತದೆ. ಇನ್ನೊಬ್ಬರಿಗೆ ಬರೆದುಕೊಟ್ಟ ಚೀಟಿಯಿಂದ ಇವನ್ನು ಕೊಂಡು ನುಂಗುವುದು ಅಪಾಯಕರ. ಬದುಕುವುದೇ ಬೇಡವೆಂಬ ಯೋಚನೆ ಬರುತ್ತಿದ್ದರೆ ಮುಂದಿನ ಭೇಟಿಗೆ ಕಾಯದೆ ಅಂದೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಆ ಹೊತ್ತಿನಲ್ಲಿ ರೋಗಿಯನ್ನು ಒಂಟಿಯಾಗಿ ಬಿಡಬಾರದು.

ಮನೆಯವರು "ಸುಮ್ಮನೆ ಧೈರ್ಯ ತಂದುಕೋ" ಎಂದು ಗದರುವುದರಿಂದ ನೆರವಾಗದು. ಪ್ರೀತಿಯಿಂದಲೇ ಆದರೂ, ರೋಗಿಯ ಪರವಾಗಿ ಎಲ್ಲ ಕಡೆ ತಾವೇ ಹೋಗಿಬರುವುದು, "ಏನೂ ಆಗುವುದಿಲ್ಲ ತಾನೇ?" ಎಂಬ ಪ್ರಶ್ನೆಗೆ ದಿನಕ್ಕೆ ಹತ್ತು ಸಲ ಭರವಸೆ ಕೊಡುವುದು ಕಾಯಿಲೆಯನ್ನು ಬೆಳೆಸುತ್ತವೆ. "ನಿನಗೆ ಕಷ್ಟವಾಗುತ್ತಿದೆ ಎಂದು ಗೊತ್ತು, ಪಟ್ಟಿಯಲ್ಲಿ ಇಂದಿನದು ಯಾವುದು ನೋಡೋಣ" ಎಂದು ಕೇಳಿ, ಬಾಗಿಲವರೆಗೆ ಜೊತೆಗೆ ನಡೆದು, ಒಳಗೆ ಅವರನ್ನೇ ಹೋಗಲು ಬಿಡುವುದು ಚಿಕಿತ್ಸೆಗೆ ಪೂರಕವಾದ ನಡೆ. ಎಷ್ಟು ದೂರ ಜೊತೆಗಿರಬೇಕು, ಯಾವಾಗ ಹಿಂದುಳಿಯಬೇಕು ಎಂಬುದನ್ನು ಚಿಕಿತ್ಸಕರ ಮುಂದೆಯೇ ರೋಗಿಯೊಡನೆ ಮಾತನಾಡಿ ನಿಶ್ಚಯಿಸಿಕೊಳ್ಳಬೇಕು.