ಒಂದೇ ವಾಕ್ಯದ ಬೆನ್ನು ಹತ್ತಿಸಿದೆ: ಆಕರ ಕಲಿಸಿದ ನನ್ನ ಅನುಭವ

ಪದವಿ ಮಕ್ಕಳ ಪ್ರಾಜೆಕ್ಟ್ ತಿದ್ದುವವರಿಗೆಲ್ಲ ಇದು ಗೊತ್ತು. ಪ್ರಾಥಮಿಕ ಆಕರ (ಆ ಕಾಲದ್ದೇ ದಾಖಲೆ, ಇಲ್ಲವೇ ಸ್ವತಃ ಕಂಡವರ, ಮಾಡಿದವರ ಮಾತು), ದ್ವಿತೀಯಕ ಆಕರ (ಅದನ್ನು ನೋಡಿ ಆಮೇಲೆ ಬೇರೆಯವರು ಬರೆದದ್ದು) ಅಂದರೇನು ಅಂತ ಕೇಳಿದರೆ ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆಯುತ್ತಾರೆ. ಪ್ರಾಜೆಕ್ಟಿಗೆ ಬಂದರೆ ಮತ್ತೆ ವಿಕಿಪೀಡಿಯಾ, ವಾಟ್ಸಾಪ್.

ಮಂಡ್ಯದಲ್ಲಿ ಇತಿಹಾಸ ಪಾಠ ಮಾಡುತ್ತಾ ನಾನು ಪಟ್ಟಿ ಬರೆಸಿ ನೋಡಿದೆ, ಚಾರ್ಟ್ ಅಂಟಿಸಿ ನೋಡಿದೆ. ಒಂದು ವರ್ಷ ಇಡೀ ತರಗತಿಯನ್ನು ಮಿನಿ ಬಸ್ಸಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋಗಿ ಹಳೇ ಕಡತ ತೋರಿಸಿದೆ. ಬಸ್ಸು, ಊಟ, ಕಾಫಿ ಸೇರಿ ಏಳೆಂಟು ಸಾವಿರ ಕೈಯಿಂದ ಹೋಯಿತು. ಮಕ್ಕಳು ಸೆಲ್ಫಿ ತೆಗೆದುಕೊಂಡರು, ವಾಪಸ್ ಬಂದು ಗೂಗಲ್ ನೋಡಿಯೇ ಬರೆದರು. ಕೈಯಲ್ಲಿ ಪ್ರಶ್ನೆಯೇ ಇಲ್ಲದವರು ಕಡತದಲ್ಲಿ ಏನು ಹುಡುಕಬೇಕು?

ಈಗಿನ ಪದ್ಧತಿ ಬೇರೆ. ಒಬ್ಬೊಬ್ಬರಿಗೆ ಒಂದೇ ಒಂದು ವಾಕ್ಯ ಕೊಡುತ್ತೇನೆ. ಇದನ್ನು ಬರೆದವರಿಗೆ ಯಾರು ಹೇಳಿದರು, ಅವರಿಗೆ ಯಾರು ಹೇಳಿದರು ಅಂತ ಹಿಂದಕ್ಕೆ ಹೋಗುತ್ತಲೇ ಇರಬೇಕು. "ಹೀಗೆ ಹೋದ್ರೆ ಸಿಲಬಸ್ ಮುಗಿಯೋದು ಯಾವಾಗ ಸಾರ್?" ಅಂದವರೇ ಸ್ಟಾಫ್ ರೂಮಿನಲ್ಲಿ ಜಾಸ್ತಿ.

ಶುರು ಮಾಡಿದ್ದು ಕನ್ನಂಬಾಡಿ ಕಟ್ಟೆಯಿಂದ. ಕಟ್ಟಿಸಿದ್ದು ಯಾರು ಅನ್ನುವ ಜಗಳ ನಮ್ಮ ಕಡೆ ಟೀ ಅಂಗಡಿಯಲ್ಲೂ ಇದೆ. ಒಬ್ಬನಿಗೆ ಟಿಪ್ಪು ಕಾಲದ ಪರ್ಷಿಯನ್ ಶಾಸನ ಸಿಕ್ಕಿತು. ಶಾಸನ ಪ್ರಾಥಮಿಕ ಆಕರವೇ. ಆದರೆ ಅವನು ಓದಿದ್ದು ಅನುವಾದ, ಅಂದರೆ ಇನ್ನೊಬ್ಬರು ಓದಿ ಹೇಳಿದ್ದು. ಜೊತೆಗೆ, ಆ ಶಾಸನ ಅಡಿಪಾಯದ ಮಾತು ಹೇಳುತ್ತದೆ, ಈಗಿರುವ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಇನ್ನೊಬ್ಬಳು ವಿಶ್ವೇಶ್ವರಯ್ಯನವರ ಆತ್ಮಕಥೆ ಹಿಡಿದಳು. ಸ್ವತಃ ಮಾಡಿದವರ ಮಾತು, ನಿಜ. ಆದರೆ ಅದು ಅಚ್ಚಾದದ್ದು 1951ರಲ್ಲಿ, ಕೆಲಸ ಶುರುವಾಗಿ 40 ವರ್ಷದ ಮೇಲೆ. ಆ ಹೊತ್ತಿನ ಕಡತಕ್ಕೂ 40 ವರ್ಷದ ನಂತರದ ನೆನಪಿಗೂ ವ್ಯತ್ಯಾಸ ಇದೆ ಅಲ್ವಾ? ಇದನ್ನು ನಾನು ಹೇಳಲಿಲ್ಲ, ಅವಳೇ ಹೇಳಿದಳು.

ಮೂರನೆಯವಳಿಗೆ ಸಿಕ್ಕಿದ್ದು ಮಹಾರಾಣಿಯವರು ಒಡವೆ ಮಾರಿ ಕಟ್ಟೆಗೆ ಹಣ ಕೊಟ್ಟರು ಅನ್ನುವ ವಾಕ್ಯ. ಹತ್ತು ಹನ್ನೆರಡು ಲೇಖನ ತಂದಳು. ಪಕ್ಕಪಕ್ಕ ಇಟ್ಟು ನೋಡಿದರೆ ಅದೇ ಸಾಲು, ಅದೇ ಅಲ್ಪವಿರಾಮ. ಹತ್ತಲ್ಲ, ಒಂದೇ ಆಕರ! "ನಿಜ ಅಂತಲೂ ಬರೀಬೇಡಮ್ಮ, ಸುಳ್ಳು ಅಂತಲೂ ಬರೀಬೇಡ. ಎಲ್ಲಿವರೆಗೆ ಹೋದೆ ಅಂತ ಬರಿ" ಅಂದೆ. ಆ ವರ್ಷದ ಅತ್ಯುತ್ತಮ ಪ್ರಾಜೆಕ್ಟ್ ಅದೇ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಸಕ್ಕರೆ ಕಾರ್ಖಾನೆಯವರು ಕೊಟ್ಟ, ಮನೆಯ ಟ್ರಂಕಿನಲ್ಲಿರುವ ಕಬ್ಬಿನ ತೂಕದ ಚೀಟಿ ತನ್ನಿ, ಅದೇ ವರ್ಷದ ಬಗ್ಗೆ ತಾತನನ್ನೂ ಕೇಳಿ ಅಂದೆ. ಒಬ್ಬ ಹುಡುಗನ ತಾತ ಹೇಳಿದ ತೂಕಕ್ಕೂ ಚೀಟಿಗೂ ತಾಳೆಯಾಗಲಿಲ್ಲ. ಆದರೆ ರಾತ್ರಿಯೆಲ್ಲ ಗಾಡಿ ಸಾಲಿನಲ್ಲಿ ಕಾದದ್ದು, ಬೆಳಗಿನ ಹೊತ್ತಿಗೆ ಕಬ್ಬು ಒಣಗಿ ತೂಕ ಇಳಿದದ್ದು ಯಾವ ಚೀಟಿಯಲ್ಲೂ ಇಲ್ಲ. ಎಷ್ಟು ಅನ್ನುವುದಕ್ಕೆ ಚೀಟಿ, ಏಕೆ ಅನ್ನುವುದಕ್ಕೆ ತಾತ.

ಈಗ ಒಂದು ಬ್ಯಾಚಿಗೆ ಜೆರಾಕ್ಸ್ ಖರ್ಚು ಮುನ್ನೂರೋ ನಾನೂರೋ, ಅಷ್ಟೇ. ಆಗ ಸಿಲಬಸ್ ಅಂದವರೇ ಈಗ ನನ್ನ ವಾಕ್ಯಗಳ ಪಟ್ಟಿ ಕೇಳುತ್ತಿದ್ದಾರೆ. ಪಟ್ಟಿ ಕೊಡುತ್ತೇನೆ. ಯಾವ ವಾಕ್ಯವನ್ನು ಯಾವ ಮಗುವಿಗೆ ಕೊಡಬೇಕು ಅನ್ನುವ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ.

ಈ ಸಲ 1938ರ ಶಿವಪುರ ಧ್ವಜ ಸತ್ಯಾಗ್ರಹ ಹಿಡಿದಿದ್ದೇವೆ, ನಮ್ಮ ಮದ್ದೂರಿನ ಹತ್ತಿರ ನಿಷೇಧ ಮೀರಿ ಕಾಂಗ್ರೆಸ್ ಬಾವುಟ ಹಾರಿಸಿದ್ದು. ಮೊದಲ ವಾರವೇ ಒಬ್ಬಳು ಕೇಳಿದಳು: "ಸಾರ್, ಶಾಲೆ ಪುಸ್ತಕ ದ್ವಿತೀಯಕ ಅಂದ್ರಿ. ಶಿವಪುರವನ್ನ ಮಕ್ಕಳಿಗೆ ಹೇಗೆ ಕಲಿಸಿದ್ರು ಅನ್ನೋದೇ ನನ್ನ ವಿಷಯ ಆದ್ರೆ, ಅದೇ ಪುಸ್ತಕ ಪ್ರಾಥಮಿಕ ಆಗುತ್ತೆ ಅಲ್ವಾ?" ಅವಳ ವಿಷಯವನ್ನು ಅಲ್ಲೇ ಬದಲಾಯಿಸಿ ಕೊಟ್ಟೆ. ಈಗ ಹಳೇ ಪಠ್ಯಪುಸ್ತಕ ಹುಡುಕುತ್ತಾ ಗುಜರಿ ಅಂಗಡಿ ಸುತ್ತುತ್ತಿದ್ದಾಳೆ.