ವಿಡಿಯೊ ಕರೆ ತಡವರಿಸದಿರಲು ರೂಟರ್‌ನ ವೇಗವನ್ನು ತುಸು ತಗ್ಗಿಸಿ
ರೂಟರ್‌ಗೆ ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶವನ್ನು ಹಾಕಿಕೊಂಡಿರುವವರು ಅದರಲ್ಲಿ ದತ್ತಾಂಶದ ಸರತಿಯನ್ನು ನಿರ್ವಹಿಸುವ ಎಸ್‌ಕ್ಯೂಎಂ ಪ್ಯಾಕೇಜನ್ನು ಅಳವಡಿಸಿ, ಇಂಟರ್‌ನೆಟ್ ಸಂಪರ್ಕವಿರುವ ವ್ಯಾನ್ ಇಂಟರ್‌ಫೇಸಿಗೆ ‘ಕೇಕ್’ ಎಂಬ ಸರತಿ ವಿಧಾನವನ್ನು ಆಯ್ದುಕೊಂಡು, ಡೌನ್‌ಲೋಡ್ ಮತ್ತು ಅಪ್‌ಲೋಡ್ ಮಿತಿಗಳನ್ನು ನಿಜವಾಗಿ ಅಳೆದ ವೇಗದ ಶೇ. 90ರ ಆಸುಪಾಸಿನಲ್ಲಿ ನಿಗದಿಪಡಿಸಿದರೆ, ಒಬ್ಬರು ದೊಡ್ಡ ಕಡತವನ್ನು ಕಳುಹಿಸುತ್ತಿರುವಾಗಲೂ ಇನ್ನೊಬ್ಬರ ವಿಡಿಯೊ ಕರೆ ತಡವರಿಸುವುದಿಲ್ಲ. ಮಿತಿ ಹಾಕದಿದ್ದಾಗ ಪ್ಯಾಕೆಟ್‌ಗಳು, ಅಂದರೆ ದತ್ತಾಂಶದ ತುಣುಕುಗಳು, ಮೋಡೆಮ್‌ನ ದೊಡ್ಡ ಬಫರ್‌ನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ರಾಶಿ ಬೀಳುತ್ತವೆ. ಮಿತಿ ಹಾಕಿದೊಡನೆ ಆ ಸರತಿ ನಮ್ಮ ರೂಟರ್‌ಗೇ ಬರುವುದರಿಂದ, ಕೇಕ್ ಪ್ರತಿಯೊಂದು ಹರಿವಿಗೂ (ಒಂದು ಕರೆ, ಒಂದು ಅಪ್‌ಲೋಡ್ ಹೀಗೆ) ಸಮಪಾಲು ಕೊಟ್ಟು, ಕರೆಯ ಸಣ್ಣ ಪ್ಯಾಕೆಟ್‌ಗಳನ್ನು ಬೃಹತ್ ಅಪ್‌ಲೋಡಿನ ಹಿಂದೆ ಕಾಯಿಸದೆ ಮುಂದಕ್ಕೆ ಬಿಡುತ್ತದೆ. ದತ್ತಾಂಶ ಯಾವ ಸೇವೆಯದೆಂದು ಸೂಚಿಸುವ ಪೋರ್ಟ್ ಸಂಖ್ಯೆಗಳನ್ನು ನೋಡಿ ಆದ್ಯತೆ ಕೊಡುವ ಹಳೆಯ ನಿಯಮಗಳಿಗಿಂತ ಇದು ಮೇಲೆಂದು ನನ್ನ ಅಭಿಪ್ರಾಯ, ಏಕೆಂದರೆ ಇಂದು ಬಹುಪಾಲು ದತ್ತಾಂಶ 443ನೇ ಪೋರ್ಟಿನಲ್ಲೇ ಗೂಢಲಿಪೀಕರಣಗೊಂಡು ಹರಿಯುತ್ತದೆ. ಆದರೆ ಪ್ಯಾಕೆಟ್‌ಗಳ ಸಾಗಣೆಯನ್ನು ಪ್ರೊಸೆಸರ್ ಬದಲು ಪ್ರತ್ಯೇಕ ಯಂತ್ರಾಂಶಕ್ಕೆ ವಹಿಸುವ ‘ಹಾರ್ಡ್‌ವೇರ್ ಫ್ಲೋ ಆಫ್‌ಲೋಡಿಂಗ್’ ಆನ್ ಇದ್ದರೆ ಪ್ಯಾಕೆಟ್‌ಗಳು ಈ ಸರತಿಯನ್ನು ತಪ್ಪಿಸಿಕೊಂಡು ಹೋಗುವುದರಿಂದ ಎಲ್ಲವೂ ವ್ಯರ್ಥ. ಅದನ್ನು ಆಫ್ ಮಾಡಿದಾಗ ಪೂರ್ತಿ ಹೊರೆ ಪ್ರೊಸೆಸರ್ ಮೇಲೆ ಬೀಳುವ ಕಾರಣ, ಹಳೆಯ ಅಗ್ಗದ ರೂಟರ್‌ಗಳು ವೇಗದ ಫೈಬರ್ ಸಂಪರ್ಕದಲ್ಲಿ ಏದುಸಿರು ಬಿಡುತ್ತವೆ. ಗಳಿಗೆಗೊಮ್ಮೆ ವೇಗ ಬದಲಾಗುವ 4ಜಿ ಸಂಪರ್ಕಕ್ಕೆ ಒಂದೇ ಸ್ಥಿರ ಮಿತಿ ಹೊಂದುವುದಿಲ್ಲ, ಮತ್ತು ತೊಂದರೆ ಇರುವುದು ಗೋಡೆಯಾಚೆಯ ಕೋಣೆಗೆ ತಲುಪದ ವೈಫೈ ಸಿಗ್ನಲ್‌ನಲ್ಲಾದರೆ ಇದರಿಂದ ಏನೂ ಪ್ರಯೋಜನವಿಲ್ಲ. ವೇಗವನ್ನು ಎಸ್‌ಕ್ಯೂಎಂ ಆಫ್ ಇರುವಾಗ, ಕೇಬಲ್ ಜೋಡಿಸಿದ ಕಂಪ್ಯೂಟರಿನಿಂದ, ಸಾಧ್ಯವಾದರೆ ದಟ್ಟಣೆ ಹೆಚ್ಚಿರುವ ಸಂಜೆಯ ಹೊತ್ತಿನಲ್ಲಿ ಅಳೆಯಿರಿ.