ಆಫೀಸ್ ತಂತ್ರಾಂಶ ಹೇಗಿದೆ ಎಂದು ಕೇಳುವುದನ್ನು ಬಿಟ್ಟ ಮೇಲೆ

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯಲ್ಲಿ, ನೇಕಾರ ಸದಸ್ಯರೇ ಹೆಚ್ಚಾಗಿರುವ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ನಾನು ಕಾರ್ಯದರ್ಶಿಯಾಗಿದ್ದೇನೆ. ನಮ್ಮ ಕಚೇರಿಯಲ್ಲಿ ಐದು ಡೆಸ್ಕ್‌ಟಾಪ್ ಕಂಪ್ಯೂಟರ್‌ಗಳಿವೆ. ಠೇವಣಿ, ಸಾಲ, ಬಡ್ಡಿಗಳ ಲೆಕ್ಕ ಬೇರೆಯೇ ಒಂದು ತಂತ್ರಾಂಶದಲ್ಲಿ ನಡೆಯುತ್ತದೆ. ಅದರ ವಿಷಯ ಇಲ್ಲಿಲ್ಲ. ಆದರೆ ಕಟಬಾಕಿದಾರರಿಗೆ ಕಳಿಸುವ ನೋಟೀಸು, ಆಡಳಿತ ಮಂಡಳಿಯ ಠರಾವು, ಸದಸ್ಯರ ಪಟ್ಟಿ, ಲೆಕ್ಕಪರಿಶೋಧಕರು ಕೇಳುವ ತಖ್ತೆಗಳು, ಸೆಪ್ಟೆಂಬರ್‌ನ ವಾರ್ಷಿಕ ಸಭೆಗೆ ಅಚ್ಚು ಹಾಕಿಸುವ ವರದಿ, ಇವೆಲ್ಲ ವರ್ಡ್ ಮತ್ತು ಎಕ್ಸೆಲ್‌ಗಳಲ್ಲಿಯೇ ತಯಾರಾಗುತ್ತಿದ್ದವು. ನಾವು ಬಳಸುತ್ತಿದ್ದ ಆಫೀಸ್ 2016ಕ್ಕೆ ಮೈಕ್ರೋಸಾಫ್ಟ್ ಕೊಡುವ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ಅದೇ ವರ್ಷದ ಜನವರಿ ಸಭೆಯಲ್ಲಿ ನಿರ್ದೇಶಕರು, ಐದೂ ಯಂತ್ರಗಳಿಗೆ ಹೊಸ ಪರವಾನಗಿ ಕೊಳ್ಳಬೇಕೇ ಅಥವಾ ಉಚಿತವಾಗಿ ಸಿಗುವ ಲಿಬ್ರೆಆಫೀಸ್‌ಗೆ ಹೋಗಬಹುದೇ ಎಂದು ಕೇಳಿ, ವಿಚಾರಿಸಿ ವರದಿ ಕೊಡುವ ಹೊಣೆಯನ್ನು ನನಗೆ ಒಪ್ಪಿಸಿದರು.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ: ಬಳಸಿದವರನ್ನು ಕಂಡು ಅಭಿಪ್ರಾಯ ಕೇಳಿದೆ. ಪರಿಚಯದ ಮತ್ತೊಂದು ಸಂಘದ ಲೆಕ್ಕಿಗರು, ಲಿಬ್ರೆಆಫೀಸ್‌ನಲ್ಲಿ ಕನ್ನಡ ಪೂರ್ತಿ ಕೆಡುತ್ತದೆ, ಆ ಹಾದಿ ಹಿಡಿಯಬೇಡಿ ಎಂದರು. ಜಮಖಂಡಿಯಲ್ಲಿ ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇಟ್ಟಿರುವವರೊಬ್ಬರು, ಅದರಲ್ಲಿಯೇ ದಿನವೂ ಕನ್ನಡದ ಅರ್ಜಿಗಳನ್ನು ಟೈಪ್ ಮಾಡುತ್ತೇನೆ, ಏನೂ ಕೆಟ್ಟಿಲ್ಲ ಎಂದರು. ಕಾಲೇಜಿನಲ್ಲಿ ಪಾಠ ಮಾಡುವ ಗೆಳೆಯರು ಎರಡೂ ಒಂದೇ ಎಂದರೆ, ಬಟ್ಟೆ ವ್ಯಾಪಾರದ ಗುಮಾಸ್ತರೊಬ್ಬರು ಎಕ್ಸೆಲ್ ಬಿಟ್ಟರೆ ತಮ್ಮ ಕೈ ಕಟ್ಟಿದಂತೆ ಎಂದರು. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಯಾವ ಕಡತವನ್ನು ತೆರೆದು ಯಾವ ಕೆಲಸ ಮಾಡುವಾಗ ಹಾಗಾಯಿತು ಎಂಬುದನ್ನು ಒಬ್ಬರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ಅಭಿಪ್ರಾಯಗಳನ್ನೆಲ್ಲ ಬರೆದುಕೊಂಡ ಹಾಳೆಯನ್ನು ಇಟ್ಟುಕೊಂಡು ಒಂದು ವಾರ ಯೋಚಿಸಿದರೂ ವರದಿಯ ಮೊದಲ ಸಾಲು ಬರೆಯಲಾಗಲಿಲ್ಲ.

ಆಮೇಲೆ ವಿಧಾನ ಬದಲಿಸಿದೆ. ಎರಡು ಯಂತ್ರಗಳಲ್ಲಿ ಲಿಬ್ರೆಆಫೀಸ್ ಹಾಕಿಸಿ, ಪ್ರಿಂಟರ್ ಪಕ್ಕದಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇಟ್ಟೆ. ಅದರಲ್ಲಿ ಮೂರೇ ಅಂಕಣಗಳು: ಯಾವ ಕೆಲಸ, ಕೈ ಎಲ್ಲಿ ನಿಂತಿತು, ಕೊನೆಗೆ ಹೇಗೆ ಮುಗಿಸಿದಿರಿ. ವರ್ಡ್ ಬಳಸುವವರೂ ಬರೆಯಬೇಕು, ಲಿಬ್ರೆಆಫೀಸ್ ಬಳಸುವವರೂ ಬರೆಯಬೇಕು. ಚಲೋ ಐತಿ, ಚಲೋ ಇಲ್ಲ ಎಂದು ಮಾತ್ರ ಬರೆಯಬಾರದು. ಮೊದಲ ದಿನವೇ ನಮ್ಮ ಹಿರಿಯ ಗುಮಾಸ್ತರು, "ಸರ, ಇದರಾಗ ಕನ್ನಡ ಬರೂದಿಲ್ರಿ, ಅಷ್ಟ ಬರದ್ರ ಸಾಕಲ್ರಿ?" ಎಂದಾಗ, "ಯಾವ ಫೈಲ್ ತೆಗದಿದ್ರಿ ಅನ್ನೂದನ್ನ ಬರೀರಿ" ಎಂದೆ. ಅವರು ಬರೆದ ಆ ಒಂದು ಸಾಲೇ ಮುಂದಿನ ಎರಡು ತಿಂಗಳ ಕೆಲಸಕ್ಕೆ ದಾರಿಯಾಯಿತು. ಮಾರ್ಚ್ 31ರ ವರ್ಷಾಂತ್ಯದ ಗದ್ದಲವೂ ಈ ಪರೀಕ್ಷೆಯ ಒಳಗೇ ಬರಲಿ ಎಂದು ಬೇಕೆಂದೇ ಏಪ್ರಿಲ್ ಕೊನೆಯವರೆಗೆ ನೋಟ್‌ಬುಕ್ ಮುಂದುವರಿಸಿದೆ. ಬಿಡುವಿನ ದಿನಗಳಲ್ಲಿ ಹುಟ್ಟಿದ ಅಭಿಪ್ರಾಯ ಕೆಲಸ ಮೈಮೇಲೆ ಬಂದಾಗ ಉಳಿಯುವುದಿಲ್ಲ.

ಹಿರಿಯ ಗುಮಾಸ್ತರು ತೆರೆದಿದ್ದುದು ಹತ್ತು ವರ್ಷ ಹಿಂದಿನ ಒಂದು ನೋಟೀಸಿನ ಮಾದರಿ. ಅದನ್ನು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಲಾಗಿತ್ತು. ಇಂತಹ ಕಡತದಲ್ಲಿ ಕಂಪ್ಯೂಟರ್ ಉಳಿಸಿಕೊಂಡಿರುವುದು ಕನ್ನಡದ ಅಕ್ಷರಗಳನ್ನಲ್ಲ, ರೋಮನ್ ಲಿಪಿಯ ಸಂಕೇತಗಳನ್ನು. ಅಕ್ಷರಶೈಲಿಯು ಆ ಸಂಕೇತಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಚಿತ್ರಿಸಿ ತೋರಿಸುತ್ತದೆ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಪರದೆಯ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳೇ ಕಾಣುತ್ತವೆ. ಅದೇ ಕಡತವನ್ನು ನುಡಿ ಇಲ್ಲದ ಇನ್ನೊಂದು ಯಂತ್ರದ ವರ್ಡ್‌ನಲ್ಲಿ ತೆರೆದು ತೋರಿಸಿದೆ. ಅಲ್ಲಿಯೂ ಹಾಗೆಯೇ ಕಂಡಿತು. ಕನ್ನಡ ಕೆಡುತ್ತದೆ ಎಂದು ನಾನು ಕೇಳಿದ್ದ ದೂರಿನ ಬಹುಪಾಲು ತಂತ್ರಾಂಶದ್ದಲ್ಲ, ನಾವೇ ಕೂಡಿಟ್ಟುಕೊಂಡಿದ್ದ ಹಳೆಯ ಕಡತಗಳದ್ದು ಎಂಬುದು ಆ ದಿನ ಸ್ಪಷ್ಟವಾಯಿತು. ವರ್ಡ್‌ಗೆ ನಾವು ಅಂಟಿಕೊಂಡಿದ್ದೇವೆ ಎಂದುಕೊಂಡಿದ್ದೆ. ನಿಜವಾಗಿ ಅಂಟಿಕೊಂಡಿದ್ದು ಆ ಸಂಕೇತಗಳಿಗೆ. ಸದಸ್ಯರ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲು ಹೋದಾಗಲೆಲ್ಲ ಹೆಸರುಗಳು ಕಂಡಕಂಡಲ್ಲಿ ಹೋಗಿ ಕೂರುತ್ತಿದ್ದುದಕ್ಕೂ, ಹುಡುಕಿದ ಹೆಸರು ಸಿಗದಿದ್ದುದಕ್ಕೂ ಕಾರಣ ಇದೇ ಆಗಿತ್ತು.

ಇಂತಹ ಹಳೆಯ ಕಡತಗಳನ್ನು ಪರಿವರ್ತಕ ತಂತ್ರಾಂಶದಿಂದ ಯುನಿಕೋಡ್‌ಗೆ, ಅಂದರೆ ಕನ್ನಡದ ಅಕ್ಷರಗಳನ್ನೇ ಉಳಿಸಿಕೊಳ್ಳುವ ಸಂಕೇತಪದ್ಧತಿಗೆ, ಬದಲಿಸುವುದು ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಹಳೆಯ ಸಂಕೇತದಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ. ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಆದ್ದರಿಂದ ಪರಿವರ್ತಕವು ಅಕ್ಷರಗಳನ್ನು ಬದಲಿಸುವುದಷ್ಟೇ ಅಲ್ಲ, ಅವುಗಳ ಸ್ಥಾನವನ್ನೂ ಅದಲುಬದಲು ಮಾಡಬೇಕಾಗುತ್ತದೆ. ನಾನು ಪರೀಕ್ಷೆಗೆ ಇಟ್ಟುಕೊಂಡ ಪದ "ಕಾರ್ಯದರ್ಶಿ". ಅದರಲ್ಲಿ ಎರಡು ಅರ್ಕಾವತ್ತುಗಳಿವೆ, ಅದು ಸರಿಯಾಗಿ ಬಂದರೆ ಉಳಿದದ್ದನ್ನು ನೋಡಬಹುದು. ಎರಡನೆಯ ತೊಡಕು ಇಂಗ್ಲಿಷ್ ಪದಗಳದ್ದು. ಬರೀ ಪಠ್ಯವನ್ನು ನಕಲಿಸಿ ಪರಿವರ್ತಕದಲ್ಲಿ ಹಾಕಿದರೆ, ಯಾವುದು ನುಡಿಯ ಸಂಕೇತ, ಯಾವುದು ನಿಜವಾದ ಇಂಗ್ಲಿಷ್ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಚೆಕ್ಕಿನ ಮೇಲಿನ ಬ್ಯಾಂಕ್ ಸಂಕೇತವೂ ಕನ್ನಡದ ತುಣುಕುಗಳಾಗಿ ಹೊರಬರುತ್ತದೆ. ಹಾಗಾಗಿ ಇಂಗ್ಲಿಷ್ ಬೆರೆತ ಸಾಲುಗಳನ್ನು ಮೊದಲೇ ಗುರುತು ಮಾಡಿ, ಬೇರೆಯಾಗಿ ತೆಗೆದಿಟ್ಟು, ಪರಿವರ್ತನೆಯಾದ ಮೇಲೆ ಕೈಯಿಂದ ಸೇರಿಸಿದೆವು. ಸದಸ್ಯರ ಹೆಸರುಗಳನ್ನು ಇಬ್ಬರು ಕೂತು, ಒಬ್ಬರು ಹಳೆಯ ಮುದ್ರಿತ ಪಟ್ಟಿಯಿಂದ ಓದುತ್ತ ಇನ್ನೊಬ್ಬರು ಪರದೆಯಲ್ಲಿ ನೋಡುತ್ತ, ಒಂದೊಂದಾಗಿ ತಾಳೆ ನೋಡಿದೆವು. ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೆ ನೋಟೀಸು ಬೇರೆಯವರಿಗೆ ಹೋದಂತೆ. ಇಲ್ಲಿ ಅವಸರ ಸಲ್ಲದು. ಬಳಕೆಯಲ್ಲಿರುವ ಮಾದರಿಗಳನ್ನು ಮತ್ತು ಸದಸ್ಯರ ಪಟ್ಟಿಯನ್ನು ಮಾತ್ರ ಹೀಗೆ ಬದಲಿಸಿ, ಉಳಿದ ಹಳೆಯ ಕಡತಗಳನ್ನು ನುಡಿ ಇದ್ದ ಯಂತ್ರದಲ್ಲಿಯೇ ತೆರೆದು ಪಿಡಿಎಫ್ ಮಾಡಿ ಇಟ್ಟೆವು. ಪಿಡಿಎಫ್ ತನ್ನೊಳಗೇ ಅಕ್ಷರಶೈಲಿಯನ್ನು ಹೊತ್ತುಕೊಂಡು ಹೋಗಬಲ್ಲದಾದ್ದರಿಂದ ಓದುವುದಕ್ಕಂತೂ ಅದು ಸಾಕು.

ಸಿಬ್ಬಂದಿಯ ಕೈಗೆ ರೂಢಿಯಾಗಿದ್ದ ಕೀಲಿಮಣೆ ವಿನ್ಯಾಸವನ್ನು ಬದಲಿಸಲಿಲ್ಲ. ನುಡಿಯ ಹೊಸ ಆವೃತ್ತಿಯಲ್ಲಿ ಯುನಿಕೋಡ್‌ನಲ್ಲಿಯೇ ಟೈಪ್ ಮಾಡುವ ಸೌಲಭ್ಯವಿರುವುದರಿಂದ ಬೆರಳುಗಳು ಹಳೆಯ ಜಾಗದಲ್ಲಿಯೇ ಓಡಾಡುತ್ತವೆ.

ಎರಡನೆಯದಾಗಿ ಪದೇ ಪದೇ ಬಂದ ದೂರು, ಲಿಬ್ರೆಆಫೀಸ್‌ನಲ್ಲಿ ಅಕ್ಷರದ ಗಾತ್ರ ಬದಲಿಸಿದರೆ ಒಮ್ಮೆ ಕೇಳುತ್ತದೆ, ಒಮ್ಮೆ ಕೇಳುವುದಿಲ್ಲ ಎಂಬುದು. ಈ ದೂರನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ, ಏಕೆಂದರೆ ದಿನಕ್ಕೆ ಹತ್ತು ಸಲ ಎಡವಿಸುವ ಕಲ್ಲು ಚಿಕ್ಕದಾದರೂ ಕಲ್ಲೇ. ಅದರಲ್ಲಿ ಇಂಗ್ಲಿಷಿನಂತಹ ಲಿಪಿಗಳಿಗೆ ಒಂದು, ಕನ್ನಡ, ದೇವನಾಗರಿಯಂತಹ ಸಂಕೀರ್ಣ ಲಿಪಿಗಳಿಗೆ ಇನ್ನೊಂದು ಎಂದು ಅಕ್ಷರಶೈಲಿಯ ಎರಡು ಹೊಂದಿಕೆಗಳಿರುತ್ತವೆ. ಇಂಗ್ಲಿಷ್ ಪದದ ಮೇಲೆ ಕರ್ಸರ್ ಇಟ್ಟು ಗಾತ್ರ ಬದಲಿಸಿದರೆ ಮುಂದೆ ಟೈಪ್ ಮಾಡುವ ಕನ್ನಡಕ್ಕೆ ಅದು ತಗಲುವುದಿಲ್ಲ. ವರ್ಡ್‌ನ ಅಕ್ಷರಶೈಲಿಯ ಕಿಟಕಿಯಲ್ಲಿಯೂ ಇಂತಹದೇ ಎರಡು ಭಾಗಗಳಿವೆ, ಆದರೆ ನಮ್ಮವರಾರೂ ಅದನ್ನು ತೆರೆದು ನೋಡಿರಲಿಲ್ಲ. ಪರಿಹಾರವಾಗಿ ನೋಟೀಸು, ಠರಾವು, ಪತ್ರ ಈ ಮೂರಕ್ಕೂ ಮಾದರಿಗಳನ್ನು ಸಿದ್ಧಪಡಿಸಿ, ಶೈಲಿಯಲ್ಲಿಯೇ ಎರಡೂ ಕಡೆ ಗಾತ್ರವನ್ನು ನಿಗದಿ ಮಾಡಿಟ್ಟೆ. ಎಲ್ಲ ಯಂತ್ರಗಳಲ್ಲಿಯೂ ಉಚಿತವಾಗಿ ಸಿಗುವ ನೋಟೊ ಸಾನ್ಸ್ ಕನ್ನಡ ಅಕ್ಷರಶೈಲಿಯನ್ನೇ ಹಾಕಿಸಿದೆ. ಒಂದು ಯಂತ್ರದಲ್ಲಿ ತುಂಗಾ, ಇನ್ನೊಂದರಲ್ಲಿ ನಿರ್ಮಲಾ, ಮತ್ತೊಂದರಲ್ಲಿ ಬೇರೇನೋ ಇದ್ದರೆ ಸಾಲುಗಳ ಅಗಲ ಬದಲಾಗಿ, ಒಂದೇ ಪುಟದ ನೋಟೀಸಿನ ಸಹಿ ಎರಡನೆಯ ಪುಟಕ್ಕೆ ಜಾರುತ್ತದೆ. ನೋಟ್‌ಬುಕ್ಕಿನಲ್ಲಿ "ಸಹಿ ಕೆಳಗ ಹೋತು" ಎಂದು ಬರೆದಿದ್ದ ಸಾಲುಗಳು ಅಂದಿನಿಂದ ನಿಂತವು. ನೂಲಿನ ವ್ಯಾಪಾರಿಗಳೊಂದಿಗೆ ಮರಾಠಿಯಲ್ಲಿ ನಡೆಯುವ ಪತ್ರವ್ಯವಹಾರಕ್ಕೂ ಇದೇ ಕ್ರಮ ಸಾಕಾಯಿತು.

ಲೆಕ್ಕದ ಹಾಳೆಗಳ ವಿಷಯದಲ್ಲಿ ಬಂದ ಅಭಿಪ್ರಾಯಗಳು ನನಗೆ ಹೆಚ್ಚು ಕಲಿಸಿದವು. ಲಕ್ಷದ ಅಲ್ಪವಿರಾಮ ತಪ್ಪು ಜಾಗದಲ್ಲಿ ಬೀಳುತ್ತದೆ ಎಂಬ ದೂರು ಎರಡೂ ತಂತ್ರಾಂಶಗಳ ಮೇಲಿತ್ತು. ಎಕ್ಸೆಲ್‌ನಲ್ಲಿ ಅದು ವಿಂಡೋಸ್‌ನ ಪ್ರಾದೇಶಿಕ ಹೊಂದಿಕೆಯನ್ನು ಅನುಸರಿಸುತ್ತದೆ. ಅಲ್ಲಿ 12,34,56,789 ಎಂಬ ಮಾದರಿಯನ್ನು ಆರಿಸಬೇಕು. ದಿನಾಂಕದ ಹೊಂದಿಕೆಯೂ ಅಲ್ಲಿಯೇ ಇದೆ. ಅದು ಅಮೆರಿಕದ ಕ್ರಮದಲ್ಲಿದ್ದರೆ 05/08 ಎಂದು ಬರೆದ ಆಗಸ್ಟ್ 5, ಮೇ 8 ಆಗಿ ಕುಳಿತುಕೊಳ್ಳುತ್ತದೆ. 25/08/2025 ಎಂದು ಬರೆದರೆ ದಿನಾಂಕವೇ ಆಗದೆ ಬರೀ ಪಠ್ಯವಾಗಿ ಎಡಕ್ಕೆ ಸರಿಯುತ್ತದೆ. ಎರಡನೆಯದು ಕಣ್ಣಿಗೆ ಬೀಳುತ್ತದೆ, ಮೊದಲನೆಯದು ಬೀಳುವುದಿಲ್ಲ, ಆದ್ದರಿಂದ ಅಪಾಯವಿರುವುದು ಮೊದಲನೆಯದರಲ್ಲಿ. ಸಾಲದ ಕಂತಿನ ದಿನಾಂಕಗಳಲ್ಲಿ ನಮ್ಮಲ್ಲಿಯೇ ಅಂತಹ ಕೆಲವು ಸಿಕ್ಕವು. ಖಾತೆ ಸಂಖ್ಯೆಗಳದ್ದೂ ಇದೇ ಬಗೆಯ ತೊಂದರೆ: ಲೆಕ್ಕದ ಹಾಳೆಗಳು ಸಂಖ್ಯೆಯಲ್ಲಿ ಸುಮಾರು 15 ಅಂಕಿಗಳನ್ನಷ್ಟೇ ನಿಖರವಾಗಿ ಇಟ್ಟುಕೊಳ್ಳುತ್ತವೆ, ಸಂಖ್ಯೆಯ ಆರಂಭದಲ್ಲಿರುವ ಸೊನ್ನೆಗಳನ್ನು ಬಿಟ್ಟುಬಿಡುತ್ತವೆ. 16 ಅಂಕಿಯ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾದರೆ ಅದನ್ನು ಮರಳಿ ಪಡೆಯುವ ದಾರಿಯಿಲ್ಲ. ಟೈಪ್ ಮಾಡುವ ಮೊದಲೇ ಆ ಅಂಕಣವನ್ನು ಪಠ್ಯವೆಂದು ಗುರುತಿಸಬೇಕು.

ಒಂದೇ ಸಂಗತಿಗೆ ಬಂದ ಎರಡು ವಿರುದ್ಧ ಅಭಿಪ್ರಾಯಗಳನ್ನು ಇಲ್ಲಿ ಹೇಳಲೇಬೇಕು. ನಮ್ಮ ಲೆಕ್ಕದ ತಂತ್ರಾಂಶ ಹೊರಹಾಕುವ ಸಿಎಸ್‌ವಿ ಕಡತವನ್ನು (ಅಂಕಣಗಳನ್ನು ಅಲ್ಪವಿರಾಮದಂತಹ ಚಿಹ್ನೆಯಿಂದ ಬೇರೆ ಮಾಡಿದ ಬರೀ ಪಠ್ಯದ ಕಡತ) ಲಿಬ್ರೆಆಫೀಸ್‌ನ ಲೆಕ್ಕದ ಹಾಳೆಯಾದ ಕ್ಯಾಲ್ಕ್‌ನಲ್ಲಿ ತೆರೆದಾಗ, ಯಾವ ಸಂಕೇತಪದ್ಧತಿ, ಅಂಕಣಗಳನ್ನು ಯಾವ ಚಿಹ್ನೆಯಿಂದ ಬೇರೆ ಮಾಡಬೇಕು, ಯಾವ ಅಂಕಣ ಪಠ್ಯ ಎಂದು ಕೇಳುವ ಒಂದು ಕಿಟಕಿ ಮೊದಲು ಬರುತ್ತದೆ. ಕೌಂಟರಿನಲ್ಲಿ ಕೂರುವ ನಮ್ಮ ಸಹೋದ್ಯೋಗಿ, "ಪ್ರತಿ ಸಲ ಇದನ್ಯಾಕ ಕೇಳ್ತೈತ್ರಿ, ಸುಮ್ನ ತಗೀಬಾರ್ದೇನ್ರಿ" ಎಂದು ಬರೆದಿದ್ದರು. ಅದರ ಕೆಳಗೆಯೇ ಲೆಕ್ಕಿಗರು, ಆ ಕಿಟಕಿಯಿಂದಲೇ ಕನ್ನಡ ಹೆಸರುಗಳೂ ಖಾತೆ ಸಂಖ್ಯೆಗಳೂ ಕೆಡದೆ ಬಂದವು ಎಂದು ಬರೆದಿದ್ದರು. ಅದೇ ಕಡತದ ಮೇಲೆ ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದಾಗ ಯಾವ ಪ್ರಶ್ನೆಯೂ ಇಲ್ಲದೆ ತೆರೆದುಕೊಂಡಿತು, ಆದರೆ ಕನ್ನಡ ಹೆಸರುಗಳು ಓದಲು ಬಾರದಂತಿದ್ದವು. ಎಕ್ಸೆಲ್‌ನ ಡೇಟಾ ಪಟ್ಟಿಯಿಂದ ಆಮದು ಮಾಡಿಕೊಂಡು ಯುನಿಕೋಡ್‌ನ ಸಂಕೇತಪದ್ಧತಿಯಾದ ಯುಟಿಎಫ್-8 ಎಂದು ಆರಿಸಿದರೆ ಅಲ್ಲಿಯೂ ಸರಿಯಾಗಿ ಬರುತ್ತದೆ. ಒಬ್ಬರ ಬೇಸರ, ಇನ್ನೊಬ್ಬರ ರಕ್ಷಣೆ. ಇವೆರಡನ್ನೂ ಕೂಡಿಸಿ ಸರಾಸರಿ ತೆಗೆದು ಐದಕ್ಕೆ ಮೂರು ನಕ್ಷತ್ರ ಎಂದು ಬರೆದಿದ್ದರೆ ನಮಗೆ ಏನೂ ತಿಳಿಯುತ್ತಿರಲಿಲ್ಲ.

ಲೆಕ್ಕಿಗರ ಯಂತ್ರದಲ್ಲಿ ಮಾತ್ರ ಎಕ್ಸೆಲ್ ಉಳಿಯಲೇಬೇಕೆಂದು ನಾನೇ ವರದಿಯಲ್ಲಿ ಬರೆದೆ. ಲೆಕ್ಕಪರಿಶೋಧಕರು ಕಳಿಸುವ ಎಕ್ಸೆಲ್ ಕಡತದಲ್ಲಿ ಮ್ಯಾಕ್ರೋಗಳಿವೆ, ಅಂದರೆ ಕೆಲಸಗಳನ್ನು ತಾವಾಗಿಯೇ ಮಾಡುವ ಚಿಕ್ಕ ಪ್ರೋಗ್ರಾಂಗಳಿವೆ. ಅವು ಕ್ಯಾಲ್ಕ್‌ನಲ್ಲಿ ಅರ್ಧ ಓಡಿ ನಿಂತವು. ಅವುಗಳನ್ನು ಮತ್ತೆ ಬರೆಯಿಸುವುದಕ್ಕಿಂತ ಒಂದು ಪರವಾನಗಿ ಕೊಳ್ಳುವುದು ಕಡಿಮೆ ಖರ್ಚಿನದು. ಐದೂ ಯಂತ್ರಗಳು ಒಂದೇ ರೀತಿ ಇರಬೇಕೆಂಬ ಹಟದಿಂದ ಯಾರಿಗೂ ಉಪಯೋಗವಿಲ್ಲ.

ಮೇ ತಿಂಗಳ ಸಭೆಯಲ್ಲಿ ಹಿರಿಯ ನಿರ್ದೇಶಕರೊಬ್ಬರು, ಪುಕ್ಕಟೆ ಕೊಡುವವರು ನಾಳೆ ಅಂಗಡಿ ಮುಚ್ಚಿದರೆ ನಮ್ಮ ಕಾಗದಪತ್ರಗಳ ಗತಿ ಏನು ಎಂದು ಕೇಳಿದರು. ಅದು ಸರಿಯಾದ ಪ್ರಶ್ನೆ. ನಾನು ಅವರಿಗೆ ನಡೆದುದನ್ನೇ ಹೇಳಿದೆ: ಲಿಬ್ರೆಆಫೀಸ್‌ಗಿಂತ ಮೊದಲು ಇದ್ದುದು ಓಪನ್‌ಆಫೀಸ್, ಅದನ್ನು ನಡೆಸುತ್ತಿದ್ದ ಸನ್ ಕಂಪನಿಯನ್ನು 2010ರಲ್ಲಿ ಒರಾಕಲ್ ಕೊಂಡ ಮೇಲೆ, ಅದರಲ್ಲಿ ದುಡಿಯುತ್ತಿದ್ದ ಹಲವರು ಹೊರಬಂದು ಅದೇ ವರ್ಷ ಡಾಕ್ಯುಮೆಂಟ್ ಫೌಂಡೇಶನ್ ಕಟ್ಟಿ, ತೆರೆದ ಮೂಲಸಂಕೇತವನ್ನು ಲಿಬ್ರೆಆಫೀಸ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಮಾಲೀಕರು ಬದಲಾದರೂ ಕಡತಗಳು ತೆರೆಯುವುದು ನಿಲ್ಲಲಿಲ್ಲ, ಏಕೆಂದರೆ ಅದು ಬಳಸುವ ಓಡಿಎಫ್ ಕಡತಸ್ವರೂಪ 2006ರಲ್ಲಿಯೇ ಅಂತರರಾಷ್ಟ್ರೀಯ ಮಾನಕವಾಗಿ ಅಂಗೀಕಾರವಾಗಿತ್ತು, ಯಾರು ಬೇಕಾದರೂ ಅದನ್ನು ಓದುವ ತಂತ್ರಾಂಶ ಬರೆಯಬಹುದು. ಅವರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು: ಠರಾವುಗಳ ಮುದ್ರಿತ ಪ್ರತಿ ಮೊದಲಿನಂತೆಯೇ ಪುಸ್ತಕಕ್ಕೆ ಅಂಟಬೇಕು. ಅದನ್ನೂ ಠರಾವಿನಲ್ಲಿ ಸೇರಿಸಿದೆವು.

ಈಗ ನಾಲ್ಕು ಯಂತ್ರಗಳಲ್ಲಿ ಲಿಬ್ರೆಆಫೀಸ್, ಒಂದರಲ್ಲಿ ಹೊಸ ಮೈಕ್ರೋಸಾಫ್ಟ್ ಆಫೀಸ್ ಇದೆ. ನಮ್ಮೊಳಗಿನ ಕಡತಗಳು ಓಡಿಎಫ್‌ನಲ್ಲಿ, ಹೊರಗೆ ಓದಲು ಕಳಿಸುವವು ಪಿಡಿಎಫ್‌ನಲ್ಲಿ, ಹೊರಗಿನವರು ತಿದ್ದಿ ಮರಳಿಸಬೇಕಾದವು ಮಾತ್ರ ವರ್ಡ್‌ನ ಡಾಕ್ಸ್ (.docx) ಸ್ವರೂಪದಲ್ಲಿ ಇರುತ್ತವೆ. ಸೆಪ್ಟೆಂಬರ್‌ನ ವಾರ್ಷಿಕ ವರದಿ ಹೀಗೆಯೇ ತಯಾರಾಗಿ ಮುದ್ರಣಾಲಯಕ್ಕೆ ಹೋಯಿತು, ಸದಸ್ಯರ ಪಟ್ಟಿ ಮೊದಲ ಬಾರಿಗೆ ಅಕಾರಾದಿಯಾಗಿ ಅಚ್ಚಾಯಿತು. ನೋಟ್‌ಬುಕ್ಕಿನಲ್ಲಿ ಪರಿಹಾರ ಕಾಣದೆ ಉಳಿದಿರುವುದು ಲಕೋಟೆಗಳ ಮೇಲೆ ಪಟ್ಟಿಯಿಂದ ವಿಳಾಸಗಳನ್ನು ಮುದ್ರಿಸುವ ಕೆಲಸ. ಮೂರು ಸಾಲಿಗಿಂತ ಉದ್ದದ ವಿಳಾಸ ಬಂದಾಗ ಪಿನ್ ಕೋಡ್ ಲಕೋಟೆಯ ಅಂಚಿನಾಚೆ ಹೋಗುತ್ತದೆ. ಹಿರಿಯ ಗುಮಾಸ್ತರು ಅದನ್ನು ಯಾವ ಕಡತ, ಯಾವ ಗಾತ್ರದ ಲಕೋಟೆ, ಎಷ್ಟನೆಯ ವಿಳಾಸ ಎಂಬ ವಿವರಗಳೊಂದಿಗೆ ಬರೆದಿಟ್ಟಿದ್ದಾರೆ. ಮುಂದಿನ ಕಂತಿನ ನೋಟೀಸುಗಳು ಹೊರಡುವ ಮೊದಲು ಇಬ್ಬರೂ ಕೂತು ಅದನ್ನು ನೋಡುವುದಿದೆ.